ಮಾಮಾ ಮತ್ತು ಕಾಚಿಗೂಡದ ಸಭಾಭವನ

ತೆಲುಗು ನಾಡಿನ ಕಾಚಿಗೂಡದಲ್ಲಿರುವ ನಮ್ಮ ಕನ್ನಡಿಗರ ಸಭಾಭವನದಲ್ಲಿ ಮದುವೆಯಾಗಬೇಕಾದರೆ ಹುಡುಗಿ ಒಪ್ಪಿದರೆ ಸಾಲದು, ಹುಡುಗ ಒಪ್ಪಿದರೂ ಸಾಲದು. ನನ್ನ ಸೋದರಮಾವ ಒಪ್ಪಬೇಕು! ಅವರು ಅಲ್ಲಿ ಅಧ್ಯಕ್ಷರೂ ಅಲ್ಲ, ಕಾರ್ಯದರ್ಶಿಯೂ ಅಲ್ಲ. ಸರಕಾರಿ ನೌಕರಿಯಿಂದ ನಿವೃತ್ತರಾದ ಮರುದಿನವೇ ಹೋಗಿ ಭವನದ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಎಬ್ಬಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಒಮ್ಮೆ ಇಲ್ಲೇ ಉಪ್ಪಲ್ ಕಡೆ ಕೆಲಸಕ್ಕಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಬಂದ. "ಸಾರ್, ನಾಟಕದ ರಿಹರ್ಸಲ್‌ಗೆ ಈ ಫಂಕ್ಷನ್ ಹಾಲ್ ಸಿಗುತ್ತಾ?"

"ಫಂಕ್ಷನ್ ಹಾಲ್ ಮುಂದಿನ ಓಣ್ಯಾಗ ಐತಿ. ಇದು ಭವನ!"

"ಸರಿ ಸಾರ್, ಭವನ ಸಿಗುತ್ತಾ?"

"ಹಂಗ ಕೇಳು. ಕೂಡು ಬಾ. ಇದರ ಇತಿಹಾಸ ಗೊತ್ತೈತೇನು?"

ಗೊತ್ತಿಲ್ಲ ಅಂದದ್ದೇ ಅವನ ತಪ್ಪು! ಅಂದು ರಿಹರ್ಸಲ್ ನಡೆಯಲೇ ಇಲ್ಲ.

ಇತಿಹಾಸವೆಂದರೆ ಮುಖ್ಯವಾಗಿ ನೆಲದ ಕಲ್ಲು. ಕಲಬುರಗಿ, ರಾಯಚೂರುಗಳಿಂದ ನೌಕರಿಗೆ ಬಂದ ನಮ್ಮ ಹಿರಿಯರು ಶಹಾಬಾದಿನ ಚಪ್ಪಡಿಗಳನ್ನು ರೈಲಿನಲ್ಲಿ ತರಿಸಿ, ಸ್ಟೇಷನ್ನಿನಿಂದ ಹೆಗಲ ಮೇಲೆ ಹೊತ್ತು ತಂದರಂತೆ. ಮಾಮಾ ಹೇಳಿದಾಗಲೆಲ್ಲ ಹಿರಿಯರು ಅಷ್ಟೇ ಮಂದಿ ಇರುತ್ತಾರೆ, ಕಲ್ಲಿನ ತೂಕ ಮಾತ್ರ ಏರುತ್ತಾ ಹೋಗುತ್ತದೆ!

ಒಂದು ಮದುವೆಯಲ್ಲಂತೂ ಮಂಟಪಕ್ಕೆ ಹೊರಟಿದ್ದ ಮದುಮಗನನ್ನೇ ತಡೆದು ಕಲ್ಲು ತೋರಿಸತೊಡಗಿದರು. ಪುರೋಹಿತರು ಕೂಗಿದರು: "ಮುಹೂರ್ತ ಮೀರಾಕತ್ತೈತ್ರಿ!"

"ಎರಡ ನಿಮಿಷ ನಿಲ್ರಿ ಆಚಾರ್ರ, ಕಲ್ಲಿನ ಮ್ಯಾಲೆ ನಿಂತು ಮದುವಿ ಆಗಾಂವಗ ಕಲ್ಲಿನ ಪರಿಚಯ ಬ್ಯಾಡೇನು?"

ಇದೂ ಒಂದು ಶಾಸ್ತ್ರವಿರಬೇಕೆಂದು ಮದುಮಗ ಕಲ್ಲಿಗೆ ಅಡ್ಡಬಿದ್ದ. ಮದುಮಗಳೂ ಬಿದ್ದಳು. ಅವರ ಆಲ್ಬಮ್ಮಿನಲ್ಲಿ ಅದಕ್ಕೇ ಒಂದು ಪೂರ್ತಿ ಪುಟ!

ಇಂಥ ಮನುಷ್ಯ ಒಮ್ಮೆ ಇತಿಹಾಸವನ್ನು ಅರ್ಧಕ್ಕೇ ನಿಲ್ಲಿಸಿದರು ಎಂದರೆ ನಂಬುತ್ತೀರಾ? ವಾರ್ಷಿಕೋತ್ಸವದ ಮಧ್ಯಾಹ್ನ. ಹೊರಗೆ ಜೋರು ಮಳೆ, ವೇದಿಕೆಯ ಮೇಲೆ ಮಾಮಾ. ಹೆಗಲ ಮೇಲಿನ ಕಲ್ಲು ಇನ್ನೂ ಸ್ಟೇಷನ್ ದಾಟಿರಲಿಲ್ಲ, ಅಷ್ಟರಲ್ಲಿ ಪಕ್ಕದ ತಗ್ಗಿನಲ್ಲಿದ್ದ ಬಡವರ ಬಸ್ತಿಯ ಮನೆಗಳಿಗೆ ನೀರು ನುಗ್ಗಿತು. ಹೆಂಗಸರು ಕೂಸುಗಳನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮಾಮಾ ಮೈಕ್ ಕೆಳಗಿಟ್ಟು, "ಅಂದರ್ ಆಜಾವ್, ಸಬ್ ಅಂದರ್ ಆಜಾವ್!" ಎಂದು ಕೂಗಿದರು.

ಕಾರ್ಯದರ್ಶಿಗಳು ಮೆಲ್ಲಗೆ, "ಇದು ಕನ್ನಡಿಗರ ಭವನ ಅಲ್ಲೇನ್ರಿ?" ಅಂದರು.

"ಹೌದ್ರಿ, ಕನ್ನಡಿಗರದ. ಅದಕ್ಕ ಹೇಳಾಕತ್ತೀನಿ, ಕುರ್ಚಿ ಸರಸ್ರಿ! ನೀರು ಯಾವ ಭಾಷೆ ಕೇಳಿ ಅವರ ಮನಿ ಹೊಕ್ಕೈತಿ?"

ನಾಲ್ಕು ದಿನ ಅವರೆಲ್ಲ ಅಲ್ಲೇ ಇದ್ದರು. ನಾವು ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಹುಗ್ಗಿ ಬೇಯಿಸಿದೆವು. ಆ ಭವನ ನಮ್ಮದು ಎಂದು ಹೇಳಿಕೊಳ್ಳಲು ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ. ಮಾಮಾ ಸುಮ್ಮನಿದ್ದರೇ? ಉಳಿದರ್ಧ ಇತಿಹಾಸವನ್ನು ಹಿಂದಿಯಲ್ಲಿ ಮುಗಿಸಿದರು. ಈಗ ಆ ಬಸ್ತಿಯ ಅಜ್ಜಿಯೊಬ್ಬರು ತಮ್ಮ ನೆಂಟರನ್ನು ಕರೆತಂದು ತೆಲುಗಿನಲ್ಲಿ ಅದನ್ನೇ ಹೇಳುತ್ತಾರೆ. ಅವರ ಕಲ್ಲು ಮಾಮಾನ ಕಲ್ಲಿಗಿಂತಲೂ ಭಾರ!

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಮಾಮಾ ಬಂದು ಒಂದು ತಾಸು ಕೂತರು. ಏಳುವಾಗ ಹೇಳಿದರು: "ಭವನದಾಗ ಹುಡುಗರಿಗೆ ಕನ್ನಡ ಕಲಸೋರು ಯಾರೂ ಇಲ್ಲವ್ವ. ಐತವಾರ ಹತ್ತಕ್ಕ ಬಾ."

"ನನ್ನ ಕಡಿಂದ ಆಗೂದಿಲ್ಲ ಮಾಮಾ."

"ಆಗದಿದ್ರ ಸುಮ್ನ ಕೂಡು. ನಾನೂ ಕೂಡ್ತೀನಿ."

ಹೋದೆ. ಹಲಗೆಯ ಮೇಲೆ 'ಅ' ಬರೆದು ತಿರುಗಿದಾಗ ಅದನ್ನು ಓದಿ ಹೇಳಲು ನನ್ನಿಂದಾಗಲಿಲ್ಲ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ಕೊನೆಯ ಸಾಲಿನಲ್ಲಿ, ಮಡಚಲಾರದ ಮೊಣಕಾಲುಗಳನ್ನು ಹೇಗೋ ಮಡಚಿ ಚಾಪೆಯ ಮೇಲೆ ಕೂತಿದ್ದ ಎಂಬತ್ತು ದಾಟಿದ ವಿದ್ಯಾರ್ಥಿಯೊಬ್ಬರು ಗಟ್ಟಿಯಾಗಿ ಓದಿದರು: "ಅ!"