ಸೂಡಿಯ ಮಹಾಕವಿಯನ್ನು ನಾನು ಕಂಡುಹಿಡಿದದ್ದು

ಸಾಹಿತ್ಯದ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು ಎಂದು ರೋಣದಲ್ಲಿ ಒಬ್ಬರಾದರೂ ಗಟ್ಟಿಯಾಗಿ ನಂಬಿದ್ದರು. ಆ ಒಬ್ಬರು ನಾನೇ! ಹೈಸ್ಕೂಲಿನ ಕನ್ನಡ ಮಾಸ್ತರ, ಮೇಲಾಗಿ ವಾಚನಾಲಯದ ಅಭ್ಯಾಸ ಮಂಡಳಿಯ ಕಾರ್ಯದರ್ಶಿ. ಇನ್ನೇನು ಬೇಕು?

ಕನ್ನಡನಾಡು ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವರ್ಷವಿಡೀ ಅಭ್ಯಾಸ ಮಾಡತಕ್ಕ ಐವರು ಕವಿಗಳ ಯಾದಿ ತಯಾರಿಸಬೇಕೆಂದು ಮಂಡಳಿ ಠರಾವು ಮಾಡಿತು. ನಾಡು ಒಂದಾಯಿತು, ಮಂಡಳಿ ಎರಡಾಯಿತು! ಅಧ್ಯಕ್ಷರಾದ ವಕೀಲ ಶ್ಯಾಮರಾಯರ ಪ್ರಕಾರ, ಸತ್ತು ಐನೂರು ವರ್ಷವಾಗದವನು ಕವಿಯೇ ಅಲ್ಲ. ಅರಿವೆ ಅಂಗಡಿಯ ಬಸಪ್ಪನವರಿಗೆ ಕವಿ ಹಳಬನೋ ಹೊಸಬನೋ ಮುಖ್ಯವಲ್ಲ, ನಮ್ಮ ಕಡೆಯವನಾಗಿರಬೇಕು.

"ಐದರಾಗ ನಾಕು ಮಂದಿ ಮೈಸೂರ ಕಡೆಯವ್ರು ಅಂದ್ರ ಹ್ಯಾಂಗ್ರಿ? ನಮ್ಮ ಕಡಿ ಬರೇ ಜ್ವಾಳಾ ಬೆಳೀತೈತೇನು?" ಎಂದು ಬಸಪ್ಪನವರು ಗುಡುಗಿದರು.

"ಹಂಗಾದ್ರ ಜ್ವಾಳದ ಹೆಸರನ್ನ ಬರಕೊಳ್ಳೋಣಲ್ಲ!" ಎಂದರು ವಕೀಲರು.

ನಾಲ್ಕು ಹೆಸರು ಹೇಗೋ ಕೂಡಿದವು. ಐದನೆಯ ಹೆಸರಿಗಾಗಿ ಮೂರು ಸಭೆ ಮುರಿದವು. ಒಂದು ಕುರ್ಚಿಯೂ ಮುರಿಯಿತು.

ಇಂಥ ಸಂಕಟದಲ್ಲಿ ದೇವರು ನನ್ನ ಕೈ ಹಿಡಿದ. ನನ್ನ ಹೆಂಡತಿ ಗಿರಿಜೆಯ ಸೋದರಮಾವ ವಿರೂಪಾಕ್ಷಪ್ಪನವರ ಮನೆ ಸೂಡಿಯಲ್ಲಿ. ಅವರು ಹೊಲಕ್ಕೆ ಹೋಗಿದ್ದಾಗ ಅಟ್ಟದ ಮೇಲೆ ನನಗೊಂದು ಹಳೆಯ ಕೈಬರಹದ ವಹಿ ಸಿಕ್ಕಿತು. ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕವಿಯ ಹೆಸರಿಲ್ಲ, ಕಾವ್ಯದ ಹೆಸರಿಲ್ಲ. ಆದರೆ ಪದ್ಯ! ಹಳಗನ್ನಡದ ಪದ್ಯ! ಹಳಬ, ಅದರ ಮೇಲೆ ನಮ್ಮ ತಾಲೂಕಿನವ! ಅವರ ಹೆಂಡತಿಯನ್ನು ಕೇಳಿ ವಹಿಯನ್ನು ಮನೆಗೆ ತಂದು ಗಿರಿಜೆಗೆ ಓದಿ ತೋರಿಸಿದೆ:

ಉಸಿರ್ ಬಿಸಿಯಾಗೆ, ಕಣ್ಣೀರಿಳಿಯೆ, ಉಣಲೊಲ್ಲದಿರೆ,
ಮಲಗಲೀಯದೆ ಮೆಲ್ಲನೆ ನಡೆಯಿಪುದು;
ಎಡದ ಮಗ್ಗುಲ ನೀವುತ
ಬೆಲ್ಲದೊಳಿಂಗನಿಕ್ಕೆ ಸುಖಮಕ್ಕುಂ.

"ವಿರಹಿಣಿಯ ವರ್ಣನೆ! ಎಡದ ಮಗ್ಗುಲು ಅಂದ್ರ ಹೃದಯ," ಎಂದೆ.

"ಅದರಾಗ ಇಂಗು ಯಾಕ ಬಂತ್ರಿ?"

"ಇಂಗು ಅಂದ್ರ ಇಂಗಿ ಹೋಗೂದು. ಜೀವ ದೇವರೊಳಗ ಇಂಗೂದು. ನಿನಗ ಅಡಗಿಮನಿ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ!"

ಗಿರಿಜೆ ನಕ್ಕು ಅಡಿಗೆಮನೆಗೆ ಎದ್ದು ಹೋದಳು. ಅವಳು ನಕ್ಕಾಗಲೇ ನಾನು ಎಚ್ಚರಗೊಳ್ಳಬೇಕಾಗಿತ್ತು.

ನರಗುಂದ, ಗಜೇಂದ್ರಗಡಕ್ಕೆಲ್ಲ ಕಾಗದ ಹಾಕಿ ಸಾಹಿತ್ಯಪ್ರೇಮಿಗಳನ್ನು ಕರೆಸಿದೆ. ಸಂತೆಯ ದಿನವಾದ್ದರಿಂದ ರೈತರೂ ಬಂದು ವಾಚನಾಲಯದ ಬಾಗಿಲಲ್ಲಿ ನಿಂತರು. ತಮ್ಮೂರ ಕವಿಗೆ ಮರ್ಯಾದೆ ಎಂದು ಕೇಳಿ ವಿರೂಪಾಕ್ಷಪ್ಪನವರೂ ಹೊಸ ರುಮಾಲು ಸುತ್ತಿಕೊಂಡು ಬಂದರು. ನಾನು ಎದೆ ಸೆಟೆಸಿ ಸಾರಿದೆ: "ಈತ ಮಹಾಕವಿಯಲ್ಲವೆಂದು ಯಾರಾದರೂ ತೋರಿಸಿದರೆ ಈ ಕ್ಷಣವೇ ಕಾರ್ಯದರ್ಶಿ ಪದವಿಯನ್ನು ತ್ಯಜಿಸುತ್ತೇನೆ!"

ಪದ್ಯ ಹಾಡಿದೆ. ಮುಕ್ಕಾಲು ತಾಸು ಅರ್ಥ ಬಿಡಿಸಿದೆ. ನಾಯಕಿಯ ಬಿಸಿಯುಸಿರಿಗೆ ಬಂದಾಗ ನನ್ನ ಕಣ್ಣಲ್ಲೇ ನೀರು ಬಂತು. ಆಗ ವಿರೂಪಾಕ್ಷಪ್ಪನವರು ಮೆಲ್ಲನೆ ಎದ್ದರು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಾಯಕಿ ಅಂದ್ರಲ್ಲಾ, ಆಕಿ ಎಮ್ಮಿ."

"ಏನಂದ್ರಿ?"

"ಎಮ್ಮಿ. ಹೊಟ್ಟಿ ಉಬ್ಬಿದ ಎಮ್ಮಿ. ಇದು ನಮ್ಮ ಮುತ್ಯಾ ಹಳೇ ಓಲೆಗರಿ ನೋಡಿ ಬರಕೊಂಡ ದನದ ಔಷಧದ ವಹಿ ಐತಿ."

ನರಗುಂದದ ಅತಿಥಿಯೊಬ್ಬರು ನಗು ತಡೆಯಲಾರದೆ ಶಲ್ಯವನ್ನೇ ಬಾಯಿಗೆ ತುರುಕಿಕೊಂಡರು. ಅಷ್ಟರಲ್ಲಿ ಬಾಗಿಲಿನಿಂದ ಒಬ್ಬ ರೈತ ಕೂಗಿದ: "ಯಪ್ಪಾ, ಇಂಗು ಎಷ್ಟ ಹಾಕಬೇಕ್ರಿ?"

ಮುಗಿಯಿತು! ಮಾವ ನನ್ನ ಕೈಯಿಂದ ವಹಿ ತೆಗೆದುಕೊಂಡು ಮುಂದಿನ ಪದ್ಯ ಓದಿದರು. ಗೊರಸಿನ ಹುಣ್ಣಿನದು. ಜನ ಮುಂದೆ ನುಗ್ಗಿ ಕುಳಿತರು. ಕೆಲವರು ಕಾಗದ ಬೇಡಿ ಬರೆದುಕೊಂಡರು. ನಮ್ಮ ಮಂಡಳಿಯಲ್ಲಿ ಪದ್ಯವೊಂದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

"ಐದನೇ ಜಾಗಾ ಇವಗ ಕೊಡ್ರಿ!" ಎಂದರು ಬಸಪ್ಪನವರು. "ನಮ್ಮ ಕಡಿಯವ, ಮತ್ತ ಉಪಯೋಗಕ್ಕೂ ಬರತಾನ."

"ನಂದೇನೂ ತಕರಾರಿಲ್ಲ," ಎಂದರು ಶ್ಯಾಮರಾಯರು. "ಆದ್ರ ಅರ್ಥ ಹೇಳಾವ್ರು ಮಾತ್ರ ಬ್ಯಾರೆ ಆಗಬೇಕು."

ಠರಾವು ಅವಿರೋಧವಾಗಿ ಪಾಸಾಯಿತು. ಸ್ವತಃ ನಾನೇ ಕೈ ಎತ್ತಿದ್ದೆ!

ಕೊಟ್ಟ ಮಾತಿನಂತೆ ಪದವಿ ಬಿಟ್ಟೆ. ಅಂದಿನಿಂದ ಮಾವ ತಿಂಗಳಿಗೊಮ್ಮೆ ಬಂದು ಪಾಠ ಹೇಳತೊಡಗಿದರು. ಜಮಖಾನೆ ಹಾಸುವ ಕೆಲಸ ನನ್ನದಾಯಿತು. ಒಂದು ದಿನ ಅವರು ಎತ್ತಿನ ಲಕ್ಷಣದ ಪದ್ಯ ಓದಿದರು. ಕಾರಣವಿಲ್ಲದೆ ಒದರುವ, ಕಂಡದ್ದನ್ನೆಲ್ಲ ಹಾಯಲು ಹೋಗುವ ಎತ್ತು.

"ಇದಕ್ಕ ಔಷಧ ಏನ್ರಿ?" ಎಂದು ಬಸಪ್ಪನವರು ಕೇಳಿದರು.

"ಔಷಧ ಇಲ್ಲ. ಒಂದ ಮೂಲ್ಯಾಗ ಕಟ್ಟಿ ಸುಮ್ಮನ ಬಿಟ್ಟಬಿಡೂದು," ಎಂದರು ಮಾವ.

ಇಡೀ ಸಭೆ ತಿರುಗಿ ಮೂಲೆಯಲ್ಲಿ ಕುಳಿತಿದ್ದ ನನ್ನನ್ನು ನೋಡಿತು. ಯಾರೂ ಅರ್ಥ ಹೇಳದೆಯೇ ನನಗೆ ಸರಿಯಾಗಿ ತಿಳಿದ ಮೊದಲ ಪದ್ಯ ಅದು!