ಮನ್ಸೂರಾದ ತೋಟಾ ಕಾರ್ಖಾನೆ

ಮಾವನ ಎದುರು ಆರಾಮಾಗಿ ಕೂರಲು ಮನುಷ್ಯನಿಗೆ ಎಷ್ಟು ವಯಸ್ಸಾಗಿರಬೇಕೋ ನನಗೆ ತಿಳಿಯದು. ನನಗಂತೂ ನಲವತ್ತಾರು. ದೋಹಾದ ಕಂಪನಿಯೊಂದರಲ್ಲಿ ಅಕೌಂಟ್ಸ್ ವಿಭಾಗದ ಮುಖ್ಯಸ್ಥ. ನನ್ನ ಸಹಿ ಇಲ್ಲದೆ ಅಲ್ಲಿ ಒಂದು ಪೆನ್ಸಿಲ್ ಕೂಡ ಖರೀದಿಯಾಗುವುದಿಲ್ಲ. ಆದರೂ ಮಡಿಕೇರಿಯ ಮಾವ ವಿಡಿಯೋ ಕಾಲ್‌ನಲ್ಲಿ ಕಾಣಿಸಿಕೊಂಡರೆ ಸೋಫಾದ ಅಂಚಿಗೆ ಜಾರಿ ಕೈಕಟ್ಟುತ್ತೇನೆ. ಅವರು ಕೊಡವರು, ನಿವೃತ್ತ ಪಿ.ಟಿ. ಮೇಷ್ಟ್ರು, ತಮ್ಮ ಕೋವಿಯ ತೋಟಾಗಳಿಗೆ ಮದ್ದುಗುಂಡು ಮನೆಯಲ್ಲೇ ತುಂಬಿಕೊಳ್ಳುವವರು. ನಾನೋ ಮೈಸೂರಿನವನು, ಪಟಾಕಿ ಹಚ್ಚಲು ಊದುಬತ್ತಿಗೆ ಉದ್ದನೆಯ ಕೋಲು ಕಟ್ಟಿಕೊಳ್ಳುತ್ತಿದ್ದವನು. ಮದುವೆಯಾದಾಗಿನಿಂದ ಅವರು ನನ್ನೊಡನೆ ಆಡಿದ್ದು ಎರಡೇ ಮಾತು: "ಊಟ ಆಯ್ತಾ?" ಮತ್ತು "ದೇಚುಗೆ ಫೋನ್ ಕೊಡಿ." ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ಆಫೀಸಿನವರನ್ನೆಲ್ಲ ಸಂಸಾರ ಸಮೇತ ಶೂಟಿಂಗ್ ರೇಂಜಿಗೆ ಕರೆದೊಯ್ದರು. ಮಣ್ಣಿನ ಬಿಲ್ಲೆಗಳು ಗಾಳಿಯಲ್ಲಿ ಹಾರುತ್ತವೆ, ಅವನ್ನು ಬಂದೂಕಿನಿಂದ ಒಡೆಯಬೇಕು. ನನ್ನ ಹೆಂಡತಿ ದೇಚು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಒಂದಾದ ಮೇಲೊಂದು ಪುಡಿ ಮಾಡಿದಳು. ನನ್ನ ಸರದಿಯಲ್ಲಿ ಬಿಲ್ಲೆಗಳೆಲ್ಲ ಕ್ಷೇಮವಾಗಿ ನೆಲ ಮುಟ್ಟಿದವು. ಊದಿಕೊಂಡದ್ದು ನನ್ನ ಹೆಗಲು. "ಯಲ್ಲಾ, ಒನ್ ಮೋರ್!" ಎಂದು ಮುದೀರ್ ಹುರಿದುಂಬಿಸಿದರು. ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ನಾನು ಬಗ್ಗಿ, ನೆಲದ ಮೇಲಿದ್ದ ಖಾಲಿ ತೋಟಾಗಳನ್ನು ಆಯ್ದು ಜೇಬಿಗೆ ತುಂಬಿಕೊಳ್ಳತೊಡಗಿದೆ.

ಸಂಜೆ ಮಾವನಿಗೆ ವರದಿ ಹೋಯಿತು. "ಅವರೆಷ್ಟು ಹೊಡೆದ್ರು?" ಎಂದರು. ದೇಚು ನನ್ನ ಕಡೆ ನೋಡಿದಳು. ಪಾಪ ಅನ್ನಿಸಿರಬೇಕು. "ಇವ್ರಿಗೆ ಹೊಡೆಯೋದ್ರಲ್ಲಿ ಅಷ್ಟು ಇಂಟರೆಸ್ಟ್ ಇಲ್ಲಪ್ಪ. ಮನೇಲೇ ತೋಟಾ ತುಂಬೋದು ಕಲೀತಿದ್ದಾರೆ," ಎಂದುಬಿಟ್ಟಳು. ಪರದೆಯ ಮೇಲೆ ಮಾವನ ಮೀಸೆ ಅಲುಗಿತು. "ಹೌದಾ? ಫೋನ್ ಅವರಿಗೆ ಕೊಡು," ಎಂದರು.

ಅಂದಿನಿಂದ ಪ್ರತಿ ಶುಕ್ರವಾರ ನನಗೆ ಪಾಠ. ಆದರೆ ಅಲ್ ಮನ್ಸೂರಾ ಬಡಾವಣೆಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಮದ್ದು ತಂದಿಟ್ಟುಕೊಂಡರೆ ನೌಕರಿ, ವೀಸಾ ಎಲ್ಲ ಖಲಾಸ್. "ಲೈಸೆನ್ಸ್ ಇದೆಯಲ್ಲ?" ಎಂದು ಅವರು ಕೇಳಿದಾಗ ನೆಟ್‌ವರ್ಕ್ ಕೈಕೊಟ್ಟಂತೆ ನಟಿಸಿದೆ. ಮದ್ದಿನ ಬದಲು ಬಾಂಬೆ ರವೆ, ಸೀಸದ ಕಾಳಿನಂಥ ಚರೆಯ ಬದಲು ಸಾಸಿವೆ, ನಡುವೆ ಹತ್ತಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ತುಂಬಿದೆ; ಕಂಪನಿಯ ಬ್ಯಾಲೆನ್ಸ್ ಶೀಟನ್ನೂ ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ. ತೋಟಾದ ಬಾಯಿ ಮಡಿಚುವುದು ಮಾತ್ರ ನನಗೆ ಬಗ್ಗಲಿಲ್ಲ. ಮಡಿಚಿದಷ್ಟೂ ಅರಳುತ್ತಿತ್ತು. "ರೀ, ಒಗ್ಗರಣೆಗೆ ಒಂದು ತೋಟಾ ಬಿಚ್ಚಿ ಕೊಡಿ," ಎಂದು ದೇಚು ಒಳಗಿನಿಂದ ಕೂಗುತ್ತಿದ್ದಳು. ನಿಜ ಹೇಳಿದರೆ ಮಾವ ಮತ್ತೆ ಮೌನಕ್ಕಿಳಿದಾರೆಂಬ ಭಯದಿಂದ ನಾನು ರವೆಯ ಸುದ್ದಿ ಎತ್ತಲೇ ಇಲ್ಲ.

ಹೀಗಿರುವಾಗ ಮಾವನೇ ದೋಹಾಕ್ಕೆ ಬಂದಿಳಿದರು. ಹಳೇ ಪೇಟೆ ಸೂಕ್ ವಾಕಿಫ್ ನೋಡಿ ಬರೋಣವೆಂದರೆ, "ಮೊದಲು ತೋಟಾ ತೋರ್ಸಿ," ಎಂದರು. ಒಂದನ್ನೆತ್ತಿ ಕಿವಿಯ ಬಳಿ ಅಲುಗಿಸಿದರು. ಬಾಯಿ ಬಿಡಿಸಿ ಅಂಗೈಗೆ ಸುರಿದುಕೊಂಡರು. ಸಾಸಿವೆ ಬಿತ್ತು, ಹತ್ತಿ ಬಿತ್ತು, ಆಮೇಲೆ ರವೆ.

"ಇಲ್ಲಿ ಮದ್ದು ಇಟ್ಕೊಳ್ಳೋ ಹಾಗಿಲ್ಲ ಮಾವ. ನೀವು ನನ್ ಜೊತೆ ಮಾತಾಡ್ತಿದ್ರಲ್ಲ, ಅದು ನಿಂತುಹೋಗತ್ತೆ ಅಂತ..." ಎಂದು ತೊದಲಿದೆ.

ಮಾವ ಒಂದು ಚಿಟಿಕೆ ರವೆಯನ್ನು ಬಾಯಿಗೆ ಹಾಕಿಕೊಂಡರು. "ಹುರಿದಿಲ್ಲ," ಎಂದರು. ಆಮೇಲೆ ನಗತೊಡಗಿದವರು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಿಸಲಿಲ್ಲ. ನೆಲದ ಮೇಲೆ ಕೂತು, ನನ್ನ ಬೆರಳು ಹಿಡಿದು, ಬಾಯಿ ಮಡಿಚುವುದನ್ನು ಕಲಿಸಿದರು. ಅಂದು ಸಂಜೆಯವರೆಗೂ ನಾವಿಬ್ಬರೂ ರವೆ ತುಂಬುತ್ತಾ ಹರಟಿದೆವು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಊರಿಗೆ ಮರಳಿದ ಮಾವ, ಅಳಿಯ ತೋಟಾ ತುಂಬುವುದರಲ್ಲಿ ಪಳಗಿದ್ದಾನೆಂದು ನೆಂಟರಿಗೆಲ್ಲ ಸಾರಿದ್ದಾರೆ. ಒಳಗೆ ಏನು ತುಂಬಿದ್ದೆ ಎಂಬುದನ್ನು ಮಾತ್ರ ಬಾಯಿಬಿಟ್ಟಿಲ್ಲ. ಮೊನ್ನೆ ಫೋನ್ ಮಾಡಿ, ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನನ್ನ ಹೆಸರು ಕೊಟ್ಟಿರುವುದಾಗಿ ಹೇಳಿದರು. ರಜೆ ಸಿಗುವುದಿಲ್ಲ ಎನ್ನಲು ಬಾಯಿ ತೆರೆದೆ. "ಹೆದರ್ಬೇಡಿ, ನಿಮ್ಮ ಪಕ್ಕದಲ್ಲೇ ನಾನು ನಿಂತಿರ್ತೀನಿ," ಎಂದರು. ಇಷ್ಟು ವರ್ಷ ಕಾದಿದ್ದ ಮಾತು. ಕೇಳಿದ್ದೇ ಟಿಕೆಟ್ ಬುಕ್ ಮಾಡಿಬಿಟ್ಟೆ. ನನ್ನ ಕೈಯಲ್ಲಿ ಕೋವಿ ಇದ್ದಾಗ ಅವರು ನಿಲ್ಲಬಾರದ ಜಾಗ ಅದೊಂದೇ ಎಂದು ಹೇಳುವಷ್ಟು ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.