ಒಡ್ಡಿನ ಹುಲ್ಲಿಗೆ ಏಳು ಆಡು

ನಲವತ್ತು ವರ್ಷ ಕಾಲೇಜಿನಲ್ಲಿ ರೇಖಾಗಣಿತ ಕಲಿಸಿದವಳಿಗೆ ಒಂದು ಮಣ್ಣಿನ ಒಡ್ಡಿನ ಹುಲ್ಲು ಯಾವ ಲೆಕ್ಕ? ಕೆರೆ ಸಂಘದ ಸಭೆಯಲ್ಲಿ ಎದ್ದು ನಿಂತು ನಾನು ಹೀಗೆಯೇ ಸಾರಿದೆ. ಓಹಾಯೊದ ನಮ್ಮ ಪುಟ್ಟ ಕೆರೆ ಅದರ ಸುತ್ತ ಮನೆ ಕಟ್ಟಿಕೊಂಡವರದೇ ಸ್ವತ್ತು. ಈಜು, ಗಾಳ, ದೋಣಿ, ಜಗಳ ಎಲ್ಲಕ್ಕೂ ಅದೇ. ಶುಕ್ರವಾರ ಒಡ್ಡು ನೋಡಲು ಸರ್ಕಾರದ ಅಧಿಕಾರಿ ಬರುವವರಿದ್ದರು. ಹುಲ್ಲು ಎತ್ತರವಿದ್ದರೆ ಒಡ್ಡು ಕೊರೆಯುವ ನೀರುಹೆಗ್ಗಣದ ಬಿಲ ಕಾಣುವುದಿಲ್ಲ. ಬಿಲ ಇದೆಯೋ ಇಲ್ಲವೋ ತಿಳಿಯದಿದ್ದರೆ ಕೆರೆ ಖಾಲಿ ಮಾಡಿಸುತ್ತಾರೆ. ಆಮೇಲೆ ಬೇಸಿಗೆಯೆಲ್ಲ ಕೆಸರು ನೋಡುತ್ತ ಕೂರಬೇಕು.

ಹೋದ ವರ್ಷ ನನ್ನ ಗಂಡ ವೆಂಡೆಲ್ ಓಡಿಸಿದ ಹುಲ್ಲಿನ ಯಂತ್ರ ಇಳಿಜಾರಿನಲ್ಲಿ ಉರುಳಿ ನೇರವಾಗಿ ಜಲಸಮಾಧಿಯಾಗಿತ್ತು.

"ಈ ಸಲ ಯಂತ್ರ ಬೇಡ. ಏಳು ಆಡು ಬಾಡಿಗೆಗೆ ತರಿಸ್ತಿದೀನಿ," ಎಂದೆ.

"ಹುಲ್ಲಿಗೆ ಕುರಿ ಅಲ್ವೇನೇ ಅಗ್ನೆಸ್?" ಎಂದ ವೆಂಡೆಲ್.

"ನೀನು ವಿಮೆ ಮಾರಿದವನು. ಸುಮ್ನಿರು."

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಸೊಪ್ಪು ಎಂದರೇ ಹೊರತು ಹುಲ್ಲು ಎನ್ನಲಿಲ್ಲ. ಗುರುವಾರ ಬೆಳಿಗ್ಗೆ ಒಡ್ಡಿಗೆ ಬಂದ ಆಡುಗಳು ಹುಲ್ಲನ್ನು ಮೂಸಿ, ನಾನು ದಡ್ಡರ ಉತ್ತರಪತ್ರಿಕೆ ಸರಿಸುತ್ತಿದ್ದ ಹಾಗೆ ಮೂತಿಯಿಂದ ಸರಿಸಿದವು. ಕೋನ ಅಳೆದು ನಾನೇ ನೆಟ್ಟಿದ್ದ ಬೇಲಿಯನ್ನು ಮುಂದಿನದು ಹಾರಿತು, ಉಳಿದವು ಹಿಂಬಾಲಿಸಿದವು. ಪಕ್ಕದ ಮನೆಯ ಡೊರೀನ್‌ಳ ಹೂಕುಂಡಗಳು ಮೊದಲ ಪಂಕ್ತಿ. ಎರಡನೆಯ ಪಂಕ್ತಿ ಅವಳ ದೋಣಿಯಲ್ಲಿ. ವಿಹಾರಕ್ಕೆಂದು ಅಲ್ಲಿ ಬುತ್ತಿ ಇಟ್ಟಿದ್ದಳು. ಕೊನೆಗೆ ದೋಣಿ ಕಟ್ಟಿದ ಹಗ್ಗವನ್ನೂ ಅಗಿದವು. ಏಳನ್ನೂ ಹೊತ್ತ ದೋಣಿ ಗಂಭೀರವಾಗಿ ಕೆರೆಯ ನಡುವಿಗೆ ಹೊರಟಿತು.

"ಅಗ್ನೆಸ್, ನಿಮ್ಮ ಆಡು ನನ್ನ ಆಲೂಗಡ್ಡೆ ಸಲಾಡ್ ತಿಂತಿದಾವೆ!"

"ಅದು ಮುಗಿದ್ಮೇಲೆ ಹುಲ್ಲಿಗೆ ಬರ್ತವೆ."

"ಹೇಗೆ ಬರ್ತವೆ, ಈಜ್ಕೊಂಡಾ?"

ತರಗತಿಯನ್ನು ಗಡಗಡ ನಡುಗಿಸುತ್ತಿದ್ದ ದನಿಯಲ್ಲಿ, ದಡದಿಂದಲೇ ಆಜ್ಞಾಪಿಸಿದೆ. ಆಡುಗಳು ಮೆಲುಕು ಹಾಕುತ್ತ ಮಲಗಿದವು. ವೆಂಡೆಲ್ ನಮ್ಮ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಆ ದೋಣಿಯನ್ನು ಎಳೆದು ತಂದ. ಏಳು ಆಡುಗಳನ್ನೂ ಒಂದೊಂದಾಗಿ ಎಣಿಸಿ ಇಳಿಸಿದ. ಅದೇ ಹೆಚ್ಚು ಉರಿಸಿತು.

ಶುಕ್ರವಾರ ಬಂದ ಅಧಿಕಾರಿಗೆ, ಮೇಯಿಸಲು ತರಿಸಿದ ಆಡುಗಳನ್ನು ವಾಪಸ್ ಕಳಿಸಿದೆವು ಎಂದೆ. ಅವರು ಹುಲ್ಲು ನೋಡಿದರು, ನನ್ನನ್ನು ನೋಡಿದರು. "ಸೋಮವಾರದವರೆಗೆ ಕಾಯ್ತೀನಿ ಮೇಡಂ. ಆಮೇಲೆ ನೀರು ಬಿಡಿಸ್ತೀನಿ."

ಆ ಇಳಿಜಾರಿಗೆ ಯಂತ್ರ ತರಲು ಯಾರೂ ಒಪ್ಪಲಿಲ್ಲ. ಸಂಘದವರು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಕುಡುಗೋಲು ಹಿಡಿದೆ. ಶನಿವಾರ, ಭಾನುವಾರ ಒಡ್ಡಿನ ಉದ್ದಕ್ಕೂ ಕೊಯ್ದೆ. ವೆಂಡೆಲ್ ಹಿಂದಿನಿಂದ ಗುಡಿಸಿ ಹಾಕಿದ.

ಸೋಮವಾರ ಅಧಿಕಾರಿ ಬಂದಾಗ ನಾನು ಒಡ್ಡಿನ ಬುಡದಲ್ಲಿ ಮಂಡಿಯೂರಿ ಕೊನೆಯ ಹಿಡಿ ಕೊಯ್ಯುತ್ತಿದ್ದೆ. ಅವರು ಆ ತುದಿಯವರೆಗೆ ನಡೆದು ಬಂದು ತಲೆದೂಗಿದರು.

"ಒಂದು ಬಿಲವೂ ಇಲ್ಲ. ಕೆರೆ ಹೀಗೇ ಇರಲಿ. ಇಷ್ಟು ನುಣ್ಣಗೆ ಮೇಯಿಸಿದ್ದು ನಾನೆಲ್ಲೂ ನೋಡಿಲ್ಲ. ಆಡು ವಾಪಸ್ ಕಳಿಸಿದ್ರಿ ಅಂದ್ರಲ್ಲ?"

"ಏಳನ್ನೂ ಕಳಿಸಿದ್ವಿ ಸಾರ್," ಎಂದ ವೆಂಡೆಲ್. "ಮನೇದೊಂದಿತ್ತು. ವಯಸ್ಸಾಗಿದೆ, ಸ್ವಲ್ಪ ಹಾಯುತ್ತೆ. ಆದ್ರೆ ಹಿಡಿದ ಕೆಲಸ ಬಿಡಲ್ಲ."

ಕುಡುಗೋಲು ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೆ ಮಂಡಿ ಹಿಡಿದುಕೊಂಡಿತ್ತು. ಮೇಲೇಳಲು ಅವನ ಕೈಯೇ ಬೇಕಾಯಿತು.